ಕುರಿಹಿಂಡಿನ ಪಂಚಾಂಗ

ಉಳಿತಾಯದ ಹಣವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವವರುಂಟು. ಬ್ಯಾಂಕಿನಲ್ಲಿಟ್ಟು ಬಡ್ಡಿ ಎಣಿಸುವವರುಂಟು. ರಾಯಚೂರು ಜಿಲ್ಲೆಯ ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್ಲಿನಂತಹ ಊರುಗಳಲ್ಲಿ ಎಷ್ಟೋ ಮನೆಗಳ ಇಡುಗಂಟು ಹೊತ್ತೇರಿದೊಡನೆ ನಾಲ್ಕು ಕಾಲಿನ ಮೇಲೆ ಎದ್ದು ಹೊಲದ ಕಡೆಗೆ ನಡೆದುಹೋಗುವುದು, ಸಂಜೆಗೆ ಹಿಂದಿರುಗಿ ಬರುವುದು. ಮಗನ ಶಾಲೆಯ ಖರ್ಚಿಗೆ ಒಂದು ಹೋತ, ಮಗಳ ಮದುವೆಗೆ ಹತ್ತು ಟಗರು, ಮುದುಕಿಯ ಕಣ್ಣಿನ ಶಸ್ತ್ರಕ್ರಿಯೆಗೆ ಎರಡು ಕುರಿ ಎಂದು ಲೆಕ್ಕ ಹಾಕಿಕೊಂಡಿರುವ ಸಂಸಾರಗಳಿವೆ. ಈ ಇಡುಗಂಟಿಗೆ ಮರಿಯೆಂಬ ಬಡ್ಡಿಯೂ ಉಂಟು. ಇಲ್ಲದುದು ಬೀಗವೊಂದೇ. ಬೇನೆ ಹೊಕ್ಕಿತೆಂದರೆ ಹತ್ತು ವರ್ಷಗಳ ಗಳಿಕೆ ಹತ್ತು ದಿನಗಳಲ್ಲಿ ಕರಗಿಹೋಗಬಹುದು.

ನಾವಿಲ್ಲಿ ಔಷಧಗಳ ಪಟ್ಟಿಯನ್ನು ಕೊಡಹೊರಟಿಲ್ಲ. ಅದು ಪಶುವೈದ್ಯರ ಕೆಲಸ. ಕುರಿ ಆಡುಗಳ ದೊಡ್ಡ ಬೇನೆಗಳಲ್ಲಿ ಬಹುಪಾಲು ವರ್ಷದ ಯಾವುದೋ ಒಂದು ಕಾಲವನ್ನು ನೋಡಿಕೊಂಡೇ ಬರುತ್ತವೆ. ಆ ಕಾಲಕ್ಕೆ ಮೊದಲು ಮಾಡಿದ ಕೆಲಸ ಫಲಿಸುವುದು; ಆಮೇಲೆ ಮಾಡಿದುದು ಬಹುಮಟ್ಟಿಗೆ ವ್ಯರ್ಥವಾಗುವುದು. ಇಷ್ಟನ್ನು ವಾಚಕರಿಗೆ ಮನಗಾಣಿಸಬೇಕೆಂಬುದೇ ನಮ್ಮ ಉದ್ದೇಶ. ಬಿತ್ತನೆಗಾಗಿ ರೋಹಿಣಿ, ಮೃಗಶಿರ, ಆರಿದ್ರಾ ಎಂದು ಮಳೆಗಳನ್ನು ಬೆರಳ ತುದಿಯಲ್ಲಿ ಎಣಿಸುವ ನಮ್ಮ ಒಕ್ಕಲಿಗನು ಹಿಂಡಿನ ಸಲುವಾಗಿಯೂ ಅದೇ ಪಂಚಾಂಗವನ್ನು ತೆರೆಯಬಾರದೇಕೆ?

ಕೃಷ್ಣೆ ತುಂಗಭದ್ರೆಗಳ ನಡುವಣ ಈ ಸೀಮೆಯಲ್ಲಿ ಪಶುಪಾಲನೆ ನಿನ್ನೆ ಮೊನ್ನೆಯದಲ್ಲ. ಇದೇ ಜಿಲ್ಲೆಯ ಲಿಂಗಸುಗೂರು ತಾಲೂಕಿನ ಪಿಕ್ಲಿಹಾಳದಲ್ಲಿ ೧೯೫೦ರ ದಶಕದಲ್ಲಿ ಆಲ್ಚಿನ್ ಎಂಬ ಪುರಾತತ್ತ್ವಜ್ಞರು ಭೂಶೋಧನೆ ನಡೆಸಿದಾಗ, ನವಶಿಲಾಯುಗದ ಜನರು ದನಗಳೊಡನೆ ಕುರಿ ಆಡುಗಳನ್ನೂ ಸಾಕುತ್ತಿದ್ದರೆಂಬುದು ಎಲುಬುಗಳ ಸಾಕ್ಷ್ಯದಿಂದ ತಿಳಿದುಬಂತು. ಇಂದಿಗೂ ರಾಯಚೂರಿನ ಕುರಿಯೆಂದರೆ ಕೆಂಗುರಿ. ಹೆಸರೇ ಹೇಳುವಂತೆ ಮೈ ಕೆಂಪು. ಉಣ್ಣೆಗಿಂತ ಮಾಂಸಕ್ಕೆ ಹೆಸರಾದುದು. ಕಂಬಳಿಯ ಕರಿಯ ಉಣ್ಣೆ ಬೇಕಾದವರು ದಖ್ಖನಿ ಕುರಿಯನ್ನು ಸಾಕುತ್ತಾರೆ. ೨೦೧೯ರ ಜಾನುವಾರು ಗಣತಿಯಲ್ಲಿ ಕರ್ನಾಟಕದಲ್ಲಿ ಸುಮಾರು ೧ ಕೋಟಿ ೧೦ ಲಕ್ಷ ಕುರಿಗಳೂ ೬೦ ಲಕ್ಷಕ್ಕೆ ಮೇಲ್ಪಟ್ಟು ಆಡುಗಳೂ ಕಂಡುಬಂದವು. ಕುರಿಗಳ ಸಂಖ್ಯೆಯಲ್ಲಿ ತೆಲಂಗಾಣ, ಆಂಧ್ರಗಳನ್ನು ಬಿಟ್ಟರೆ ನಮ್ಮದೇ ದೊಡ್ಡ ರಾಜ್ಯ.

ಪಂಚಾಂಗವನ್ನು ಚೈತ್ರ ವೈಶಾಖಗಳಿಂದ ಆರಂಭಿಸೋಣ. ಬಿಸಿಲು ಸುಡುತ್ತಿದೆ, ಹೊಲದಲ್ಲಿ ಹಸಿರಿಲ್ಲ, ಹಿಂಡು ಬಡಕಲಾಗಿದೆ, ಆದರೆ ಬೇನೆಯ ಸುಳಿವಿಲ್ಲ. ಬೇನೆಯಿಲ್ಲದ ಈ ಹೊತ್ತೇ ಕೆಲಸದ ಹೊತ್ತು. ‘ಚೆನ್ನಾಗಿರುವ ಕುರಿಗೆ ಸೂಜಿ ಏಕೆ?’ ಎಂದು ಕೇಳುವವರಿದ್ದಾರೆ. ಇದು ಬುದ್ಧಿಯಿಲ್ಲದವರ ಪ್ರಶ್ನೆಯಲ್ಲ. ಉತ್ತರ ಕೊಡಲೇಬೇಕಾದ ಪ್ರಶ್ನೆ.

ಮೊದಲು ಹಿರೇಬೇನೆಯನ್ನು ತೆಗೆದುಕೊಳ್ಳೋಣ. ವೈದ್ಯರು ಇದನ್ನು ಪಿ.ಪಿ.ಆರ್. ಎನ್ನುತ್ತಾರೆ. ಜ್ವರವೇರುವುದು, ಕಣ್ಣು ಮೂಗುಗಳಿಂದ ಮೊದಲು ನೀರಾಗಿ, ಆಮೇಲೆ ಗಟ್ಟಿಯಾಗಿ ಕೀವಿನಂತಹ ದ್ರವ ಇಳಿಯುವುದು, ಬಾಯಲ್ಲಿ ಹುಣ್ಣುಗಳೆದ್ದು ಮೇವು ನಿಲ್ಲುವುದು, ಬಳಿಕ ಭೇದಿ, ಉಬ್ಬಸ, ಸಾವು. ಗಬ್ಬದ ಕುರಿಗಳು ಕಂದು ಹಾಕುವುವು. ಹಿಂದೆಂದೂ ಈ ಬೇನೆಯನ್ನು ಕಾಣದ ಹಿಂಡಿಗೆ ಇದು ಹೊಕ್ಕರೆ ಅರ್ಧಕ್ಕಿಂತ ಹೆಚ್ಚು ಪ್ರಾಣಿಗಳು ಹೋಗುವುದುಂಟು.

ಈ ಬೇನೆಯ ಕಥೆ ವಿಚಿತ್ರವಾಗಿದೆ. ಇದನ್ನು ಬೇರೆಯೇ ಒಂದು ರೋಗವೆಂದು ಮೊದಲು ಗುರುತಿಸಿದುದು ೧೯೪೨ರಲ್ಲಿ, ಪಶ್ಚಿಮ ಆಫ್ರಿಕದ ಐವರಿ ಕೋಸ್ಟಿನಲ್ಲಿ. ನಮ್ಮ ದೇಶದಲ್ಲಿ ಇದು ಬಯಲಾದುದು ೧೯೮೭ರಲ್ಲಿ, ತಮಿಳುನಾಡಿನ ವಿಳುಪ್ಪುರಂ ಕಡೆಯ ಅರಸೂರೆಂಬ ಹಳ್ಳಿಯ ಕುರಿಗಳಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಎಸ್. ಶೈಲಾ ಮತ್ತು ಅವರ ಸಂಗಡಿಗರು ೧೯೮೯ರಲ್ಲಿ ಆ ಸಂಗತಿಯನ್ನು ಪ್ರಕಟಿಸಿದರು. ಅದುವರೆಗೆ ಇಂತಹ ಲಕ್ಷಣಗಳನ್ನು ಕಂಡವರು ಇದು ದನಗಳ ದೊಡ್ಡರೋಗವೇ ಕುರಿಗೂ ತಗುಲಿದುದೆಂದು ಭಾವಿಸುತ್ತಿದ್ದರು. ಅದರಲ್ಲಿ ಆಶ್ಚರ್ಯವಿಲ್ಲ, ಏಕೆಂದರೆ ಎರಡೂ ಒಂದೇ ಕುಲದ ವೈರಸ್ಸುಗಳು. ದೊಡ್ಡರೋಗವನ್ನು ತಡೆಯುವುದಕ್ಕೆ ಆಡು ಮಾಡಿದ ಉಪಕಾರವನ್ನೂ ಇಲ್ಲಿ ನೆನೆಯಬೇಕು. ೧೯೨೦ರ ದಶಕದಲ್ಲಿ ಹಿಮಾಲಯದ ಮುಕ್ತೇಶ್ವರದ ಪ್ರಯೋಗಶಾಲೆಯಲ್ಲಿ ಎಡ್ವರ್ಡ್ಸ್ ಎಂಬವರು ಆ ರೋಗದ ವಿಷವನ್ನು ಆಡಿನಿಂದ ಆಡಿಗೆ ದಾಟಿಸುತ್ತ ಹೋಗಿ, ಅದರ ಉಗ್ರತೆಯನ್ನು ಇಳಿಸಿ, ದನಗಳಿಗೆ ಲಸಿಕೆಯಾಗುವಂತೆ ಮಾಡಿದರು. ಬೆಂಗಳೂರಿನ ಹೆಬ್ಬಾಳದಲ್ಲಿ ಮೈಸೂರು ಸಂಸ್ಥಾನದವರು ೧೯೨೫ರಲ್ಲಿ ಸೀರಂ ಸಂಸ್ಥೆಯೊಂದನ್ನು ತೆರೆದುದೂ ಆ ರೋಗದ ಸಲುವಾಗಿಯೇ. ಅನೇಕ ದಶಕಗಳ ಲಸಿಕೆಯ ಫಲವಾಗಿ ೨೦೧೧ರಲ್ಲಿ ದೊಡ್ಡರೋಗವು ಭೂಮಂಡಲದಿಂದಲೇ ಅಳಿಯಿತೆಂದು ಸಾರಲಾಯಿತು. ಮನುಷ್ಯನು ಪ್ರಯತ್ನಪೂರ್ವಕವಾಗಿ ಬೇರುಸಹಿತ ಕಿತ್ತ ರೋಗಗಳು ಎರಡೇ: ಒಂದು ಸಿಡುಬು, ಇನ್ನೊಂದು ಇದು. ಮೂರನೆಯದು ಹಿರೇಬೇನೆಯಾಗಲೆಂದು, ಅದನ್ನು ೨೦೩೦ರೊಳಗಾಗಿ ಅಳಿಸಬೇಕೆಂದು, ಜಾಗತಿಕ ಆಹಾರ ಮತ್ತು ಕೃಷಿ ಸಂಸ್ಥೆಯೂ ಪ್ರಾಣಿ ಆರೋಗ್ಯ ಸಂಸ್ಥೆಯೂ ೨೦೧೫ರಲ್ಲಿ ಸಂಕಲ್ಪ ಮಾಡಿದುವು.

ಆಯುಧ ಸಿದ್ಧವಾಗಿದೆ. ಹಿಮಾಚಲದ ಸುಂಗ್ರಿ ಎಂಬಲ್ಲಿ ದೊರೆತ ವೈರಸ್ಸಿನಿಂದ ಮುಕ್ತೇಶ್ವರದಲ್ಲಿಯೇ ತಯಾರಾದ ಲಸಿಕೆಯನ್ನು ಒಮ್ಮೆ ಹಾಕಿದರೆ ಮೂರು ವರ್ಷಗಳಿಗೆ ಕಡಿಮೆಯಿಲ್ಲದಂತೆ ಕಾಪಾಡುತ್ತದೆ. ೨೦೧೦-೧೧ರಲ್ಲಿ ಕೇಂದ್ರ ಸರ್ಕಾರವು ರೋಗನಿಯಂತ್ರಣದ ಕಾರ್ಯಕ್ರಮವನ್ನು ಆರಂಭಿಸಿದಾಗ ಮೊದಲ ಪಂಕ್ತಿಯ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಈ ಕಾರ್ಯಕ್ರಮದಲ್ಲಿ ಪಶುಪಾಲನಾ ಇಲಾಖೆಯವರು ಹಳ್ಳಿಗೇ ಬಂದು ಹಣವಿಲ್ಲದೆ ಲಸಿಕೆ ಹಾಕಿ ಹೋಗುತ್ತಾರೆ. ಹೀಗಿದ್ದೂ ದೂರೊಂದು ಹಟ್ಟಿಯಿಂದ ಹಟ್ಟಿಗೆ ಕೇಳಿಬರುವುದುಂಟು: ‘ಸೂಜಿ ಹಾಕಿಸಿದೆವು, ಸೂಜಿಯಿಂದಲೇ ಸತ್ತವು.’

ಈ ದೂರನ್ನು ನಕ್ಕು ತಳ್ಳುವುದು ಸುಲಭ. ಹಾಗೆ ಮಾಡುವುದು ನ್ಯಾಯವಲ್ಲ. ಸತ್ತುದು ನಿಜ, ಸೂಜಿ ಹಾಕಿಸಿದುದೂ ನಿಜ. ನಡುವೆ ಇರುವ ಲೆಕ್ಕವನ್ನು ಮಾತ್ರ ಯಾರೂ ಬಿಡಿಸಿ ಹೇಳಿರುವುದಿಲ್ಲ. ಬೇನೆಯ ವಿಷ ಮೈ ಹೊಕ್ಕ ದಿನದಿಂದ ಜ್ವರ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ದಿನಗಳು ಬೇಕು. ಲಸಿಕೆ ಮೈಗೆ ಹತ್ತಿ ಬಲ ಹುಟ್ಟುವುದಕ್ಕೆ ಹತ್ತರಿಂದ ಹದಿನಾಲ್ಕು ದಿನಗಳು ಬೇಕು. ನೆರೆಯ ಹಟ್ಟಿಯಲ್ಲಿ ಕುರಿ ಸಾಯತೊಡಗಿದ ಮೇಲೆ ಗಾಬರಿಗೊಂಡು ನಾವು ಸೂಜಿ ಹಾಕಿಸುತ್ತೇವೆ. ಅಷ್ಟರಲ್ಲಿ ನಮ್ಮ ಹಿಂಡಿನ ಹತ್ತು ಕುರಿಗಳ ಮೈಯಲ್ಲಿ ಬೇನೆ ಆಗಲೇ ಮೂರು ದಿನಗಳ ವಯಸ್ಸಿನದಾಗಿದೆ. ಓಟದಲ್ಲಿ ಅದು ಮುಂದೆ, ಲಸಿಕೆ ಹಿಂದೆ. ನಾಲ್ಕನೆಯ ದಿನ ಕುರಿ ಮಲಗುತ್ತದೆ. ನೋಡುವ ಕಣ್ಣಿಗೆ ಸೂಜಿಯೇ ಕೊಲೆಗಾರ!

೧೮೮೧ರಲ್ಲಿ ಫ್ರಾನ್ಸ್ ದೇಶದ ಪುಯಿಲಿ ಲ ಫೋರ್ ಎಂಬ ಹಳ್ಳಿಯಲ್ಲಿ ಲೂಯಿ ಪಾಶ್ಚರ್ ಮಹಾಶಯನು ನಡೆಸಿದ ಪ್ರಸಿದ್ಧ ಪ್ರಯೋಗವು ಇದೇ ಲೆಕ್ಕದ ಮೇಲೆ ನಿಂತಿತ್ತು. ರೋಗ ನೆರಡಿ, ಪ್ರಾಣಿಗಳು ಬಹುತೇಕ ಕುರಿಗಳು. ಇಪ್ಪತ್ತನಾಲ್ಕು ಕುರಿ ಒಂದು ಆಡಿಗೆ ಮೇ ೫ರಂದು ಒಂದು, ಮೇ ೧೭ರಂದು ಇನ್ನೊಂದು ಲಸಿಕೆ; ಅಷ್ಟೇ ಸಂಖ್ಯೆಯ ಇನ್ನೊಂದು ಗುಂಪಿಗೆ ಏನೂ ಇಲ್ಲ. ಆತನು ಆತುರಪಡಲಿಲ್ಲ. ಎರಡನೆಯ ಸೂಜಿಯಾದ ಮೇಲೆ ಪೂರ್ತಿ ಎರಡು ವಾರ ಕಾದು, ಮೇ ೩೧ರಂದು ಎರಡು ಗುಂಪಿಗೂ ಉಗ್ರವಾದ ರೋಗವಿಷವನ್ನೇ ಚುಚ್ಚಿದನು. ಜೂನ್ ೨ರಂದು ಜನ ಗುಂಪುಗೂಡಿ ಬಂದು ನೋಡಿದಾಗ ಲಸಿಕೆಯಿಲ್ಲದ ಆಡೂ ಬಹುತೇಕ ಕುರಿಗಳೂ ಸತ್ತು ಬಿದ್ದಿದ್ದುವು, ಉಳಿದವು ಸಾಯುತ್ತಿದ್ದುವು; ಲಸಿಕೆಯ ಕುರಿಗಳು ಮೇಯುತ್ತಿದ್ದುವು. ಮೇ ತಿಂಗಳ ಆ ಎರಡು ವಾರಗಳ ಕಾಯುವಿಕೆ ಇಲ್ಲದೆ ಇದ್ದಿದ್ದರೆ ಆ ದಿನ ಜನ ನೋಡುತ್ತಿದ್ದ ದೃಶ್ಯವೇ ಬೇರೆಯಾಗುತ್ತಿತ್ತು.

ಇನ್ನೆರಡು ಸಂಗತಿಗಳುಂಟು. ಹಿರೇಬೇನೆಯ ಲಸಿಕೆ ಜೀವವುಳ್ಳದ್ದು, ತಂಪಿನಲ್ಲಿಯೇ ಬದುಕತಕ್ಕದ್ದು. ರಾಯಚೂರಿನ ಬಿಸಿಲು ವೈಶಾಖದಲ್ಲಿ ೪೦ ಡಿಗ್ರಿಯನ್ನು ಮೀರುವುದು ವಾಚಕರಿಗೆ ತಿಳಿದ ವಿಷಯವೇ. ಹಿಮದ ಪೆಟ್ಟಿಗೆಯಿಂದ ಹೊರಗೆ ತೆಗೆದು, ನೀರಿನಲ್ಲಿ ಕದಡಿದ ಮೇಲೆ ಒಂದೆರಡು ಗಂಟೆಗಳೊಳಗೆ ಅದನ್ನು ಮುಗಿಸಬೇಕು. ಪಶುವೈದ್ಯರು ನಸುಕಿನಲ್ಲಿ ಬರುತ್ತೇವೆಂದರೆ, ಹಿಂಡನ್ನು ಆಗಲೇ ಕಲ್ಲುಗುಡ್ಡದ ಕಡೆಗೆ ಹೊಡೆದುಬಿಟ್ಟು, ಹನ್ನೊಂದು ಗಂಟೆಗೆ ಹುಡುಕಿ ತಂದು ಸುಡುಬಿಸಿಲಿನಲ್ಲಿ ಸಾಲು ನಿಲ್ಲಿಸಿದರೆ ಸೂಜಿಯಲ್ಲಿರುವುದು ಲಸಿಕೆಯಲ್ಲ, ಬರಿಯ ನೀರು. ಎರಡನೆಯದು ಮರಿಗಳ ಮಾತು. ‘ಹೋದ ವರ್ಷ ಹಾಕಿಸಿದ್ದೇವಲ್ಲ’ ಎನ್ನುವ ಮನೆಯವರು ಈ ವರ್ಷ ಹುಟ್ಟಿದ ಮರಿಗಳನ್ನು ಎಣಿಸುವುದಿಲ್ಲ. ಕುರಿ ದೊಡ್ಡ ಸಂಸಾರಸ್ಥ ಪ್ರಾಣಿ. ವರ್ಷ ವರ್ಷವೂ ಹಿಂಡಿನ ಒಂದು ಪಾಲು ಹೊಸದಾಗಿ ಹುಟ್ಟುತ್ತದೆ, ಹಳೆಯ ಒಂದು ಪಾಲು ಮಾರಿಹೋಗುತ್ತದೆ. ಮೂರು ವರ್ಷ ಬಿಟ್ಟು ನೋಡಿದರೆ ಸೂಜಿ ಕಂಡ ಕುರಿ ಹಿಂಡಿನಲ್ಲಿ ಎಷ್ಟು ಉಳಿದೀತು? ಆದುದರಿಂದ ಮೂರು ನಾಲ್ಕು ತಿಂಗಳು ತುಂಬಿದ ಮರಿಗಳಿಗೆ ಪ್ರತಿವರ್ಷವೂ ಈ ಲಸಿಕೆ ಬೀಳಬೇಕು.

ರೋಹಿಣಿ ಹುಟ್ಟುವ ಮೊದಲು ಆಗಬೇಕಾದ ಇನ್ನೊಂದು ಸೂಜಿ ಕರುಳುಬೇನೆಯದು. ಈ ಬೇನೆ ನಮ್ಮ ಲೋಕಾನುಭವಕ್ಕೆ ವಿರುದ್ಧವಾದುದು. ಸಾಮಾನ್ಯವಾಗಿ ರೋಗವು ಬಡಕಲನ್ನು ಹಿಡಿಯುವುದು. ಇದು ಕೊಬ್ಬಿದ ಮರಿಯನ್ನೇ ಆರಿಸಿಕೊಳ್ಳುವುದು. ಇದರ ಕ್ರಿಮಿ ಹೊರಗಿನಿಂದ ಬರುವುದೇ ಬೇಡ, ಆರೋಗ್ಯವಾಗಿರುವ ಕುರಿಯ ಕರುಳಿನಲ್ಲಿಯೇ ಸ್ವಲ್ಪಮಟ್ಟಿಗೆ ವಾಸವಾಗಿರುವುದು. ಮೃಗಶಿರ ಮಳೆ ಬಿದ್ದು ಎಂಟು ದಿನಗಳಲ್ಲಿ ಹೊಲದ ಬದುವೆಲ್ಲ ಹಸಿರಾದಾಗ, ಮೂರು ತಿಂಗಳು ಒಣಕಡ್ಡಿ ಕಡಿದ ಹಿಂಡು ಎಳೆಹುಲ್ಲಿನ ಮೇಲೆ ಬೀಳುತ್ತದೆ. ಒಮ್ಮೆಲೇ ಬಂದ ಈ ಔತಣವನ್ನು ಜೀರ್ಣಿಸಲಾರದೆ ಕರುಳು ತಬ್ಬಿಬ್ಬಾಗುವಾಗ ಆ ಕ್ರಿಮಿ ಅಪರಿಮಿತವಾಗಿ ಬೆಳೆದು ವಿಷ ಕಾರುತ್ತದೆ. ಸಂಜೆ ಹೊಟ್ಟೆತುಂಬ ಮೇದು ಬಂದ ಮರಿ ಬೆಳಗಿಗೆ ಕಾಲು ಚಾಚಿ ಬಿದ್ದಿರುತ್ತದೆ. ಚಿಕಿತ್ಸೆಗೆ ಸಮಯವೇ ಇಲ್ಲ. ಮೊದಲ ಸಲ ಹಾಕಿಸುವವರು ಎರಡು ಮೂರು ವಾರಗಳ ಅಂತರದಲ್ಲಿ ಎರಡು ಸೂಜಿ ಹಾಕಿಸಬೇಕು. ಆಮೇಲೆ ವರ್ಷಕ್ಕೊಂದು ಸಾಕು. ಜೊತೆಗೆ ಹಸಿರು ಚಿಗುರಿದ ಮೊದಲ ವಾರ ಬೆಳಿಗ್ಗೆ ಸ್ವಲ್ಪ ಒಣಮೇವು ತಿನ್ನಿಸಿ, ಆಮೇಲೆ ಹೊಲಕ್ಕೆ ಬಿಡುವ ಪದ್ಧತಿ ಒಳ್ಳೆಯದು. ಹಸಿದು ಮದುವೆಯ ಮನೆಗೆ ಹೋದವನ ಅವಸ್ಥೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕುರಿ ಇದ್ದಕ್ಕಿದ್ದಂತೆ ಸತ್ತರೆ ಕರುಳುಬೇನೆಯೇ ಎಂದು ಮಾತ್ರ ನಿಶ್ಚಯಿಸಬಾರದು. ಕೊಯ್ದ ಜೋಳದ ಕೂಳೆಯಿಂದ ಒಡೆದ ಎಳೆ ಚಿಗುರಿನಲ್ಲಿಯೂ, ಮಳೆ ಕೈಕೊಟ್ಟು ಮೊಳಕಾಲೆತ್ತರಕ್ಕೇ ಬಾಡಿ ನಿಂತ ಜೋಳದಲ್ಲಿಯೂ ಘೋರವಾದ ಸಯನೈಡು ವಿಷವಿರುವುದು. ಅದನ್ನು ಮೇದ ಕುರಿ ಅರೆಗಳಿಗೆಯಲ್ಲಿ ಉಸಿರುಗಟ್ಟಿ ಬೀಳುವುದು. ಕೂಡಲೆ ವೈದ್ಯರು ದೊರೆತರೆ ಇದಕ್ಕೆ ಪ್ರತಿಮದ್ದುಂಟು. ಮೂರನೆಯದು ನೆರಡಿ. ಸತ್ತ ಪ್ರಾಣಿಯ ಮೂಗು, ಬಾಯಿ, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ, ಮಹನೀಯರೇ, ಕತ್ತಿಯನ್ನು ಕೈಗೆ ತೆಗೆದುಕೊಳ್ಳಬೇಡಿರಿ. ಚರ್ಮ ಸುಲಿಯಬೇಡಿರಿ; ಮಾಂಸವನ್ನು ಪಾಲು ಹಾಕಬೇಡಿರಿ. ‘ಹೇಗೂ ಸತ್ತಿತು, ಹಾಳಾಗುವುದೇಕೆ’ ಎಂಬ ಬಡತನದ ವಿಚಾರ ನಮಗೆ ಅರ್ಥವಾಗುವುದು. ಆದರೆ ಈ ರೋಗ ಕುರಿಯಿಂದ ಮನುಷ್ಯನಿಗೆ ದಾಟುವುದು, ಕೊಲ್ಲುವುದು. ಹೊಟ್ಟೆ ಬಗೆದೊಡನೆ ರಕ್ತದಲ್ಲಿಯ ಕ್ರಿಮಿ ಗಾಳಿ ಸೋಕಿ ಗಟ್ಟಿಯಾದ ಬೀಜರೂಪವನ್ನು ತಾಳಿ ಆ ನೆಲದಲ್ಲಿ ದಶಕಗಳ ಕಾಲ ಉಳಿಯುವುದು. ಆಳವಾದ ಗುಂಡಿ, ಮೇಲೆ ಸುಣ್ಣ, ಅದರ ಮೇಲೆ ಮುಳ್ಳು, ಇಲ್ಲವಾದರೆ ಬೆಂಕಿ. ಬೇರೆ ದಾರಿಯಿಲ್ಲ.

ಈಗ ನಾವು ಪಂಚಾಂಗದಲ್ಲಿ ಹೊಸದಾಗಿ ಸೇರಿದ ಒಂದು ಪುಟಕ್ಕೆ ಬರುತ್ತೇವೆ. ಈ ಭಾಗದ ಹಳೆಯ ಕುರುಬರ ಅನುಭವದಲ್ಲಿ ಇದಕ್ಕೆ ಹೆಚ್ಚಿನ ಸ್ಥಾನವಿರಲಿಲ್ಲ, ಏಕೆಂದರೆ ಅವರ ಕಾಲದಲ್ಲಿ ಇಲ್ಲಿ ಇಷ್ಟು ನೀರಿರಲಿಲ್ಲ. ಎರೆಯ ಹೊಲ, ಕಲ್ಲುಗುಡ್ಡ, ಜೋಳ, ಹತ್ತಿ; ಇದು ಆಗಿನ ಮಾನ್ವಿ. ೧೯೫೩ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ನೀರು ಹರಿಯತೊಡಗಿತು. ಎಡದಂಡೆಯ ಕಾಲುವೆ ಗಂಗಾವತಿ, ಸಿಂಧನೂರುಗಳನ್ನು ಹಾದು ಮಾನ್ವಿಯ ಕಡೆಗೆ ಬಂತು. ಒಣಬೆಳೆಗಳಿಗೆ ಅಷ್ಟಷ್ಟೇ ನೀರುಣಿಸಬೇಕೆಂಬುದು ಯೋಜನೆ ಮಾಡಿದವರ ಎಣಿಕೆಯಾಗಿದ್ದರೂ ರೈತರು ಬತ್ತವನ್ನೇ ಮೆಚ್ಚಿಕೊಂಡರು. ಈ ಸೀಮೆಗೆ ಅನ್ನ ಬಂತು, ಹಣ ಬಂತು. ಅದನ್ನು ನಾವು ಹಳಿಯುವುದಿಲ್ಲ. ಆದರೆ ನಿಂತ ನೀರಿನೊಡನೆ ಬಸವನಹುಳವೂ ಬಂತು. ಅದರ ಬೆನ್ನ ಹಿಂದೆ ಕುರಿಯ ಪಿತ್ತಕೋಶದ ಶತ್ರುವೂ ಬಂತು.

ಆ ಶತ್ರುವಿನ ಹೆಸರು ಯಕೃತ್ತಿನ ಚಪ್ಪಟೆಹುಳು. ನೋಡುವುದಕ್ಕೆ ಒಂದು ಸಣ್ಣ ಎಲೆಯಂತಿರುವುದು. ಕುರಿಯ ಯಕೃತ್ತಿನ ಪಿತ್ತನಾಳಗಳಲ್ಲಿ ಕುಳಿತು ದಿನಕ್ಕೆ ಸಾವಿರಾರು ಮೊಟ್ಟೆಗಳನ್ನಿಡುವುದು. ಮೊಟ್ಟೆಗಳು ಹಿಕ್ಕೆಯೊಡನೆ ಹೊರಗೆ ಬೀಳುತ್ತವೆ. ಒಣನೆಲದಲ್ಲಿ ಬಿದ್ದರೆ ಅಲ್ಲಿಗೆ ಕಥೆ ಮುಗಿಯಿತು. ನೀರಿನಲ್ಲಿ ಬಿದ್ದರೆ ಕಣ್ಣಿಗೆ ಕಾಣದಂತಹ ಮರಿಯೊಂದು ಹೊರಬಿದ್ದು, ಒಂದು ಜಾತಿಯ ಬಸವನಹುಳುವನ್ನು ಹುಡುಕಿ ಅದರ ಮೈಯನ್ನು ಕೊರೆದು ಒಳಹೊಗುವುದು. ಕೆಲವೇ ಗಂಟೆಗಳಲ್ಲಿ ಬಸವನಹುಳು ಸಿಕ್ಕದಿದ್ದರೆ ಆ ಮರಿ ಸಾಯುವುದು. ಸಿಕ್ಕಿತೋ, ಅದರೊಳಗೆ ಕೆಲವು ವಾರ ಬೆಳೆದು, ಒಂದು ಹೋಗಿ ನೂರಾರಾಗಿ, ಬಾಲದ ಮರಿಗಳ ರೂಪದಲ್ಲಿ ಮತ್ತೆ ನೀರಿಗಿಳಿದು, ಗದ್ದೆಯ ಹುಲ್ಲಿಗೂ ಬತ್ತದ ಬುಡಕ್ಕೂ ಅಂಟಿಕೊಂಡು, ಮೇಲೆ ಗಟ್ಟಿಯಾದ ಕವಚವನ್ನು ಹೊದ್ದು ಕುರಿಯ ಬಾಯಿಯನ್ನು ಕಾದು ಕೂರುವುದು. ಈ ದಶಾವತಾರವನ್ನು ಲೋಕಕ್ಕೆ ತಿಳಿಸಿದವರು ಜರ್ಮನಿಯ ಲಾಯ್ಕಾರ್ಟ್ ಮತ್ತು ಇಂಗ್ಲೆಂಡಿನ ತಾಮಸ್ ಎಂಬ ಇಬ್ಬರು. ಬೇರೆ ಬೇರೆಯಾಗಿ ದುಡಿದು ೧೮೮೦ರ ದಶಕದ ಆದಿಯಲ್ಲಿ ಒಂದೇ ನಿರ್ಣಯಕ್ಕೆ ಬಂದರು. ಅದಕ್ಕೆ ಸ್ವಲ್ಪ ಮುಂಚೆ, ೧೮೭೯-೮೦ರಲ್ಲಿ, ಅತಿವೃಷ್ಟಿಯ ದೆಸೆಯಿಂದ ಇಂಗ್ಲೆಂಡಿನಲ್ಲಿ ಈ ರೋಗ ಹಬ್ಬಿ ಸುಮಾರು ೩೦ ಲಕ್ಷ ಕುರಿಗಳು ನಾಶವಾಗಿದ್ದುವು.

ಮಾನ್ವಿಯ ಕುರಿಗಾರನಿಗೆ ಇದರಿಂದ ತಿಳಿಯುವುದೇನು? ಮಳೆಗಾಲದಲ್ಲಿ ಗುಡ್ಡದ ಮೇಲೆ, ಬೀಳು ನೆಲದ ಮೇಲೆ ಮೇವಿರುವಾಗ ಹಿಂಡನ್ನು ಗದ್ದೆಯ ಬದುವಿಗೆ, ಕಾಲುವೆಯ ಜವುಗಿಗೆ ಬಿಡಬಾರದು. ಅಪಾಯ ಹೆಚ್ಚುವುದು ಮಘೆ, ಹುಬ್ಬೆ ಮಳೆಗಳ ಅನಂತರ. ಬತ್ತ ಕೊಯ್ದಾದ ಮೇಲೆ, ಬೇರೆಲ್ಲಿಯೂ ಹಸಿರಿಲ್ಲದಿರುವಾಗ, ಗದ್ದೆಯ ತೇವದಲ್ಲಿ ಚಿಗುರಿದ ಹುಲ್ಲು ಕಣ್ಣು ಕುಕ್ಕುವುದು. ಅಲ್ಲಿ ಮೇದ ಕುರಿ ಆ ದಿನ ಸಾಯುವುದಿಲ್ಲ, ಆ ತಿಂಗಳೂ ಸಾಯದಿರಬಹುದು. ಹುಳು ಬೆಳೆದು ಮೊಟ್ಟೆಯಿಡುವುದಕ್ಕೆ ಮೂರು ನಾಲ್ಕು ತಿಂಗಳು ಬೇಕು. ಮೇದುದು ಕಾರ್ತಿಕದಲ್ಲಿ, ಬತ್ತಿದುದು ಮಾಘ ಫಾಲ್ಗುನಗಳಲ್ಲಿ. ಅಷ್ಟು ಹೊತ್ತಿಗೆ ಮೇದ ಜಾಗ ಯಾರಿಗೆ ನೆನಪಿದೆ? ಕುರಿ ಸೊರಗಿದುದು ಬೇಸಿಗೆಗೆ ಎನ್ನುತ್ತಾರೆ, ದೃಷ್ಟಿಗೆ ಎನ್ನುತ್ತಾರೆ, ದೇವರ ಮುನಿಸೆನ್ನುತ್ತಾರೆ. ಹಸಿರು ತೋರಿಸಿ ಕೊಂದ ಗದ್ದೆಯನ್ನು ಯಾರೂ ಶಂಕಿಸುವುದಿಲ್ಲ. ಹಿಂಡಿನ ನಾಲ್ಕೈದು ಕುರಿಗಳ ಹಿಕ್ಕೆಯನ್ನು ಪಶು ಆಸ್ಪತ್ರೆಗೆ ಒಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿಸಿದರೆ ಯಾವ ಹುಳು ಎಂಬುದು ಗೊತ್ತಾಗುವುದು, ಅದಕ್ಕೆ ತಕ್ಕ ಔಷಧವೂ ದೊರೆಯುವುದು. ಚಪ್ಪಟೆಹುಳುವಿನ ಔಷಧ ಬೇರೆ, ದುಂಡುಹುಳುವಿನದು ಬೇರೆ. ಅಂಗಡಿಯವನು ಕೊಟ್ಟ ಒಂದೇ ಬಾಟಲಿಯನ್ನು ವರ್ಷವೆಲ್ಲ ಕುಡಿಸುತ್ತಿದ್ದರೆ ಹುಳುಗಳು ಅದಕ್ಕೆ ಒಗ್ಗಿಹೋಗುತ್ತವೆ. ಬೆಲೆ ಹೆಚ್ಚೆಂದು ಅರ್ಧ ಅಳತೆ ಕುಡಿಸುವುದು ಹುಳುಗಳಿಗೆ ಗರಡಿಯ ಸಾಧನೆ ಮಾಡಿಸಿದಂತೆಯೇ ಸರಿ.

ದುಂಡುಹುಳುಗಳಲ್ಲಿ ಕ್ರೂರವಾದುದು ಹೊಟ್ಟೆಯಲ್ಲಿದ್ದು ರಕ್ತ ಹೀರುವ ಒಂದು ಜಾತಿ. ಐದು ಸಾವಿರ ಹುಳುಗಳಿದ್ದರೆ ದಿನಕ್ಕೆ ಕಾಲು ಲೀಟರಿನಷ್ಟು ರಕ್ತ ಹೋಗುವುದೆಂದು ಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ಮೂವತ್ತು ಕಿಲೋ ತೂಗುವ ಕುರಿಯ ಮೈಯಲ್ಲಿರುವುದೇ ಸುಮಾರು ಎರಡು ಲೀಟರು. ಇದನ್ನು ಮನೆಯ ಹೆಣ್ಣುಮಕ್ಕಳೂ ಗುರುತಿಸಬಹುದು. ಕೆಳಗಿನ ಕಣ್ರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲನೆ ಇಳಿಸಿ ನೋಡಿರಿ. ಒಳಗೆ ದಾಳಿಂಬರದ ಕೆಂಪಿದ್ದರೆ ಭಯವಿಲ್ಲ; ತೊಳೆದ ಬಟ್ಟೆಯಂತೆ ಬಿಳಿಚಿಕೊಂಡಿದ್ದರೆ ರಕ್ತ ಹೋಗುತ್ತಿದೆ ಎಂದು ತಿಳಿಯಬೇಕು. ದಕ್ಷಿಣ ಆಫ್ರಿಕದ ಪಶುವೈದ್ಯರು ಇದಕ್ಕಾಗಿ ಐದು ಬಣ್ಣಗಳ ಚೀಟಿಯೊಂದನ್ನೇ ಮಾಡಿದ್ದಾರೆ. ಗದ್ದದ ಕೆಳಗೆ ನೀರು ತುಂಬಿದ ಚೀಲದಂತೆ ಬಾವು ಜೋತಿದ್ದರೆ ತಡ ಮಾಡಲೇಬಾರದು. ಇಬ್ಬನಿ ಆರುವುದಕ್ಕೆ ಮುಂಚೆ ಹಿಂಡನ್ನು ಹೊರಡಿಸಬಾರದೆಂಬ ಹಿರಿಯರ ಕಟ್ಟಳೆಯಲ್ಲಿ ಬಹಳ ತಿಳಿವಳಿಕೆಯಿತ್ತು. ಈ ಹುಳುವಿನ ಮರಿಗಳು ಹುಲ್ಲಿನ ಎಸಳನ್ನೇರುವುದು ಆ ತೇವದ ಆಸರೆಯಿಂದಲೇ.

ಹುಳುವಿನ ಔಷಧ ಕುಡಿಸುವ ರೀತಿಯ ಬಗ್ಗೆ ಒಂದು ಮಾತು. ಗೊಟ್ಟ ಹಾಕುವಾಗ ಕುರಿಯ ಮೂತಿಯನ್ನು ಆಕಾಶಕ್ಕೆತ್ತಿ ಗಟಗಟನೆ ಸುರಿಯುವ ಅಭ್ಯಾಸ ನಮ್ಮಲ್ಲುಂಟು. ಹಾಗೆ ಮಾಡಿದರೆ ಔಷಧ ಗಂಟಲಿಗೆ ಇಳಿಯದೆ ಶ್ವಾಸನಾಳಕ್ಕೆ ಇಳಿಯುವುದು. ಹುಳುವಿನಿಂದ ಸಾಯದ ಕುರಿ ಕೆಮ್ಮಿನಿಂದ ಸಾಯುವುದು. ತಲೆ ನೆಲಕ್ಕೆ ಸಮನಾಗಿರಲಿ. ದವಡೆಯ ಪಕ್ಕದಿಂದ ಸ್ವಲ್ಪ ಸ್ವಲ್ಪವಾಗಿ, ನುಂಗಲು ಅವಕಾಶ ಕೊಟ್ಟು ಕುಡಿಸಬೇಕು.

ಹಸ್ತ, ಚಿತ್ತೆ, ಸ್ವಾತಿ ಮಳೆಗಳ ಕಾಲದಲ್ಲಿ ನೀಲಿನಾಲಿಗೆಯ ಸರದಿ. ದಕ್ಷಿಣದ ರಾಜ್ಯಗಳಲ್ಲಿ ಮಳೆ ಜೋರಾದ ವರ್ಷ ಈ ರೋಗವೂ ಜೋರಾಗುವುದು. ತುಟಿ ಮೂತಿಗಳು ಊದಿ, ನಾಲಗೆ ಕೆಲವು ವೇಳೆ ನೀಲಿಗಟ್ಟಿ, ಗೊರಸಿನ ಸಂದು ಕೆಂಪೇರಿ ಕುರಿ ಕುಂಟುವುದು. ಕುತ್ತಿಗೆ ಒಂದು ಕಡೆಗೆ ತಿರುಚಿಕೊಳ್ಳುವುದೂ ಉಂಟು. ಕುರಿಗೆ ಇದು ಘೋರ. ಆಡಿಗೂ ದನಕ್ಕೂ ಅಷ್ಟಾಗಿ ತೋರದು. ಹಿರೇಬೇನೆಯಂತೆ ಇದು ಮೈಗೆ ಮೈ ತಾಕಿ ಹರಡುವುದಿಲ್ಲ. ಗುಂಗಾಡಿನಂತಹ, ಸೊಳ್ಳೆಗಿಂತಲೂ ಚಿಕ್ಕದಾದ ನೊಣವೊಂದು ಮುಸ್ಸಂಜೆಯಿಂದ ನಸುಕಿನವರೆಗೆ ಕಚ್ಚುತ್ತ ಇದನ್ನು ಕುರಿಯಿಂದ ಕುರಿಗೆ ಸಾಗಿಸುವುದು. ಆ ನೊಣ ಹುಟ್ಟುವುದು ಸಗಣಿ ಹಿಕ್ಕೆ ಬೆರೆತ ಕೆಸರಿನಲ್ಲಿ. ಹೀಗಾಗಿ ರೋಗನಿವಾರಣೆಯ ಅರ್ಧ ಭಾಗ ದೊಡ್ಡಿಯ ನೆಲದಲ್ಲಿಯೇ ಇರುವುದು. ಎತ್ತರದ ಜಾಗ, ಮೊರಮಿನ ನೆಲ, ನೀರು ನಿಲ್ಲದಂತೆ ಇಳಿಜಾರು, ಸಂಜೆ ಬೇವಿನ ಹಸಿ ಸೊಪ್ಪಿನ ಹೊಗೆ. ಐದು ಬಗೆಯ ವೈರಸ್ಸುಗಳನ್ನು ಕೂಡಿಸಿದ ಲಸಿಕೆಯೊಂದು ನಮ್ಮ ದೇಶದಲ್ಲಿಯೇ ತಯಾರಾಗಿದೆ. ಅದನ್ನೂ ಮಳೆ ಬಲಿಯುವ ಮೊದಲೇ ಹಾಕಿಸಬೇಕು. ಒದ್ದೆ ನೆಲದಲ್ಲಿ ಗೊರಸು ಕೊಳೆಯುವ ಕುಂಟುಬೇನೆಗೂ ಒಣದೊಡ್ಡಿಯೇ ಮೊದಲ ಮದ್ದು.

ಚಳಿ ಇಳಿದ ಮೇಲೆ ಕುರಿಸಿಡುಬು ಬರುವುದುಂಟು. ಅದಕ್ಕೂ ವರ್ಷಕ್ಕೊಮ್ಮೆ ಲಸಿಕೆಯಿದೆ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇವೆ.

ಮರಿಗಳ ವಿಚಾರ ಮನೆಯ ಹೆಂಗಸರದು. ಹಿಂಡು ಹೊಲಕ್ಕೆ ಹೋದಾಗ ಬುಟ್ಟಿಯ ಕೆಳಗೆ ಉಳಿದ ಮರಿಗಳನ್ನು ನೋಡಿಕೊಳ್ಳುವವರು ಅವರೇ. ಹುಟ್ಟಿದ ಒಂದೆರಡು ಗಂಟೆಗಳೊಳಗೆ ಗಿಣ್ಣುಹಾಲು ಮರಿಯ ಹೊಟ್ಟೆಗೆ ಸೇರಬೇಕು. ಹೊಟ್ಟೆಯಲ್ಲಿದ್ದಾಗ ಮರಿಗೆ ತಾಯಿಯ ರೋಗನಿರೋಧಕ ಬಲ ಇಳಿಯುವುದಿಲ್ಲ; ಅದು ದೊರೆಯುವುದೆಲ್ಲ ಈ ಹಾಲಿನಿಂದಲೇ. ಒಂದು ದಿನ ಕಳೆದರೆ ಮರಿಯ ಕರುಳು ಆ ಬಲವನ್ನು ಒಳಕ್ಕೆ ಬಿಟ್ಟುಕೊಳ್ಳುವ ಬಾಗಿಲನ್ನು ಮುಚ್ಚಿಬಿಡುವುದು. ತಾಯಿಗೆ ಹಾಲಿಲ್ಲದಿದ್ದರೆ ಅದೇ ದಿನ ಈಯ್ದ ಇನ್ನೊಂದು ಕುರಿಯ ಹಾಲಾದರೂ ಆಗಬೇಕು. ಹೊಕ್ಕುಳಿಗೆ ಟಿಂಕ್ಚರ್ ಅಯೋಡಿನ್ ಹಚ್ಚುವುದನ್ನು ಮರೆಯಬಾರದು. ಕಂದು ಹಾಕಿದ ಕುರಿಯ ಮಾಸನ್ನು ಮಾತ್ರ ಯಾರೂ ಬರಿಗೈಯಲ್ಲಿ ಮುಟ್ಟಕೂಡದು. ಕುರಿಯಿಂದ ಮನುಷ್ಯರಿಗೆ ತಗುಲಿ ತಿಂಗಳುಗಟ್ಟಲೆ ಜ್ವರ, ಕೀಲುನೋವುಗಳಿಂದ ಕಾಡುವ ಬ್ರುಸೆಲ್ಲಾ ರೋಗ ಈ ದಾರಿಯಿಂದಲೂ ಬರುವುದು.

ಸುಗ್ಗಿ ಮುಗಿದ ಮೇಲೆ ಸಂತೆಗಳ ಕಾಲ. ಕೈಯಲ್ಲಿ ಹಣವಿರುವುದು, ಹೊಸ ಕುರಿ ಕೊಳ್ಳುವ ಆಸೆಯೂ ಇರುವುದು. ಹತ್ತೂರಿನ ಕುರಿಗಳು ಮೂತಿಗೆ ಮೂತಿ ತಾಕಿಸಿ ನಿಂತ ಸಂತೆಯಿಂದ ತಂದ ಟಗರನ್ನು ಅದೇ ಸಂಜೆ ಹಿಂಡಿನೊಡನೆ ಕೂಡಿಸಿದರೆ, ಕೊಂಡುದು ಒಂದು ಟಗರನ್ನೋ ಒಂದು ಬೇನೆಯನ್ನೋ ಯಾರು ಬಲ್ಲರು? ಮೂರು ವಾರಗಳ ಕಾಲ ಬೇರೆ ಕಟ್ಟಿ, ಬೇರೆ ಮೇವು ನೀರು ಕೊಟ್ಟು, ಜ್ವರ ಭೇದಿಗಳಿಲ್ಲವೆಂದು ಕಂಡ ಮೇಲೆ ಕೂಡಿಸಬೇಕು. ಗೊಬ್ಬರಕ್ಕಾಗಿ ಹೊಲದಲ್ಲಿ ತರುಬಿಸಿಕೊಳ್ಳುವ ಪರಸ್ಥಳದ ಹಿಂಡುಗಳ ವಿಷಯದಲ್ಲಿಯೂ ಇದೇ ಎಚ್ಚರಿಕೆ ಬೇಕು. ಅವರನ್ನು ಓಡಿಸಬೇಕೆಂದು ನಾವು ಹೇಳುವುದಿಲ್ಲ. ಎರೆಯ ಹೊಲಕ್ಕೆ ಕುರಿಯ ಹಿಕ್ಕೆಯಂತಹ ಗೊಬ್ಬರ ಮತ್ತೊಂದಿಲ್ಲ. ಎರಡು ಹಿಂಡುಗಳಿಗೂ ನೀರು ಕುಡಿಸುವ ತಾಣ ಬೇರೆಯಾಗಿರಲಿ, ಅವರ ಕುರಿಗಳಿಗೆ ಸೂಜಿಯಾಗಿದೆಯೇ ಎಂದು ಕೇಳಿ ತಿಳಿದುಕೊಳ್ಳಲಿ, ಅಷ್ಟೆ. ಒಂದು ಕುರಿಗೆ ಮೂಗು ಸೋರಿ ಭೇದಿಯಾದ ದಿನವೇ ೧೯೬೨ ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಸರ್ಕಾರದ ಸಂಚಾರಿ ಪಶುಚಿಕಿತ್ಸಾಲಯದ ಬಂಡಿಯನ್ನು ಊರಿಗೇ ಕರೆಯಿಸಿಕೊಳ್ಳಬಹುದು. ಹತ್ತು ಕುರಿ ಸತ್ತ ಮೇಲೆ ಕರೆದರೂ ಬಂದೀತು, ಆದರೆ ಆಗ ಅದಕ್ಕೆ ಉಳಿದಿರುವ ಕೆಲಸ ಕಡಿಮೆ.

ಫಾಲ್ಗುನ ಕಳೆಯುವುದರೊಳಗೆ ಆ ವರ್ಷ ಹುಟ್ಟಿದ ಮರಿಗಳೆಷ್ಟು, ಕೊಂಡು ತಂದುದೆಷ್ಟು, ಮಾರಿದುದೆಷ್ಟು ಎಂಬುದನ್ನು ಒಂದು ಕಾಗದದ ಮೇಲೋ ಪಡಸಾಲೆಯ ಗೋಡೆಯ ಮೇಲೋ ಬರೆದಿಡುವುದು ಒಳ್ಳೆಯದು. ಶಾಲೆಗೆ ಹೋಗುವ ಮಕ್ಕಳಿಗೆ ಈ ಕೆಲಸವನ್ನು ಒಪ್ಪಿಸಬಹುದು. ಯುಗಾದಿಯ ಮರುವಾರ ಆ ಲೆಕ್ಕವನ್ನು ಹಿಡಿದು ಪಶು ಆಸ್ಪತ್ರೆಗೆ ಹೋಗಿ, ಊರಿನ ಹಿಂಡುಗಳಿಗೆಲ್ಲ ಎಷ್ಟು ಲಸಿಕೆ ಬೇಕೆಂದು ಹೇಳಿ, ಬರುವ ದಿನವನ್ನು ಗೊತ್ತುಮಾಡಿಕೊಂಡು ಬರಬೇಕು. ಆ ದಿನ ಬೆಳಿಗ್ಗೆ ಹಿಂಡನ್ನು ದೊಡ್ಡಿಯಿಂದ ಬಿಡತಕ್ಕದ್ದಲ್ಲ.